ಹೊಳೆದಂಡೆಯ ಓಟಗಾರರು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಅಡವಯ್ಯ ಎಂಬ ಗುರುಗಳು. ಊರವರ ಬಾಯಲ್ಲಿ ಅವರು ಅಜ್ಜಾರು.

ಗುರುಗಳಿಗೆ ಬೆಳಗಿನ ಜಾವ ಓಡುವ ರೂಢಿಯಿತ್ತು. ಆಶ್ರಮದಿಂದ ಹೊರಟು ಹೊಳೆಯ ಗುಂಟ ಹೋಗಿ, ಕಲ್ಲುಮಂಟಪದಲ್ಲಿ ತುಸು ಹೊತ್ತು ಕೂತು, ಓಡುತ್ತಲೇ ಹಿಂತಿರುಗುವರು. ಮೊದಮೊದಲು ಒಬ್ಬರೇ ಓಡುತ್ತಿದ್ದರು. ಬರುಬರುತ್ತ ಊರಿನವರು ಒಬ್ಬೊಬ್ಬರಾಗಿ ಜೊತೆಗೂಡಿದರು. ಶಾಲೆಯಲ್ಲಿ ಬಿಸಿಯೂಟ ಮಾಡುವ ಗಂಗಮ್ಮ ಬಂದರು. ಹತ್ತಿಯ ಗಾದಿ ಹೊಲಿಯುವ ಹೊನ್ನೂರಸಾಬರು ಬಂದರು. ಅವರನ್ನು ನೋಡಿ ಇನ್ನೂ ಕೆಲವರು ಬಂದರು.

ಯಾರು ಹಿಂದೆ ಬಿದ್ದರೂ ಉಳಿದವರು ನಿಂತು ಕಾಯುತ್ತಿದ್ದರು. ಹಾಗಾಗಿ ಆ ಓಟ ನೋಡುವವರ ಕಣ್ಣಿಗೆ ಓಟದ ಹಾಗೆ ಕಾಣುತ್ತಿರಲಿಲ್ಲ.

ಆ ಆಶ್ರಮಕ್ಕೆ ಕೊಟ್ರೇಶ ಶಿಷ್ಯನಾಗಿ ಬಂದ.

ಅವನು ಚಿಕ್ಕಂದಿನಿಂದ ಓಟವೊಂದನ್ನೇ ನಂಬಿ ಬೆಳೆದವನು. ದೊಡ್ಡ ಪಂದ್ಯವೊಂದರಲ್ಲಿ ಕೂದಲೆಳೆಯಷ್ಟರಲ್ಲಿ ಸೋತು, ಆಮೇಲೆ ಊಟ ಸೇರದೆ, ನಿದ್ದೆ ಹತ್ತದೆ ಅಲೆದಾಡಿ, ಕಡೆಗೆ ಗುರುಗಳ ಮುಂದೆ ಬಂದು ನಿಂತಿದ್ದ.

"ಗೆಲ್ಲುವ ಆಸೆ ನನ್ನನ್ನು ತಿನ್ನುತ್ತಿದೆ. ಅದನ್ನು ಬಿಡಿಸಿ" ಎಂದು ಕೇಳಿಕೊಂಡ.

"ಬೆಳಿಗ್ಗೆ ಇವರ ಜೊತೆ ಓಡು" ಎಂದರು ಗುರುಗಳು.

ಅವನು ಓಡಿದ. ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಮಂಟಪದಲ್ಲಿ ಕೂತಾಗ ಊರಿನ ಸುದ್ದಿ, ಮನೆಯ ಸುದ್ದಿ. ಕೊಟ್ರೇಶ ಹೊಳೆಯ ಕಡೆ ಮುಖ ಮಾಡಿ ಸುಮ್ಮನೆ ನಿಂತಿರುತ್ತಿದ್ದ. ಅವನಿಗೆ ಆ ಮಾತುಗಳಲ್ಲಿ ಕೆಲಸವಿರಲಿಲ್ಲ.

ಒಂದು ಚಳಿಗಾಲ ಗುರುಗಳ ಮಂಡಿ ಕೈಕೊಟ್ಟಿತು. ಓಡುವುದಿರಲಿ, ಮೆಟ್ಟಿಲಿಳಿಯುವುದೇ ಕಷ್ಟವಾಯಿತು. ಇನ್ನು ಮುಂದೆ ಇವರನ್ನು ನೀನು ಕರೆದುಕೊಂಡು ಹೋಗು ಎಂದು ಕೊಟ್ರೇಶನಿಗೆ ಒಪ್ಪಿಸಿದರು.

ಕೊಟ್ರೇಶ ಮನಸ್ಸಿಟ್ಟು ಆ ಕೆಲಸ ಮಾಡಿದ. ಉಸಿರು ಬಿಡುವ ಬಗೆ ಹೇಳಿಕೊಟ್ಟ. ಹೆಜ್ಜೆ ತಿದ್ದಿದ. ಕೊರಳಿಗೊಂದು ಸೀಟಿ ಹಾಕಿಕೊಂಡ. ಕೂತರೆ ಮೈ ತಣ್ಣಗಾಗುತ್ತದೆ ಎಂದು ಮಂಟಪದಲ್ಲಿ ಕೂರುವುದನ್ನೂ ನಿಲ್ಲಿಸಿದ. ಮಂಟಪ ಮುಟ್ಟಬೇಕು, ತಿರುಗಬೇಕು, ಅಷ್ಟೆ.

ಜನರಿಗೂ ಹುರುಪು ಬಂತು. ಹೊನ್ನೂರಸಾಬರೊಬ್ಬರು ಮಾತ್ರ ದಿನಾ ಹಿಂದೆ ಬೀಳುತ್ತಿದ್ದರು.

ಒಂದು ಬೆಳಿಗ್ಗೆ ಎಲ್ಲರೂ ಅವರಿಗಾಗಿ ಕಾಯುತ್ತ ನಿಂತರು. ಕೊಟ್ರೇಶನ ತಾಳ್ಮೆ ತಪ್ಪಿತು. ಆದರೂ ಅವನು ದನಿ ಎತ್ತಲಿಲ್ಲ.

"ಕಾಕಾ, ನಿಮ್ಮಿಂದ ಎಲ್ಲರಿಗೂ ತಡವಾಗುತ್ತದೆ. ನೀವು ಅರ್ಧಕ್ಕೇ ತಿರುಗಿಬಿಡಿ."

"ಆಗಲಿ ತಮ್ಮಾ" ಎಂದರು ಹೊನ್ನೂರಸಾಬರು.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಗುಂಪು ಈಗ ಬಾಣದ ಹಾಗೆ ಹೋಗಿ ಬರತೊಡಗಿತು. ಕೊಟ್ರೇಶ ಗುರುಗಳ ಬಳಿ ಬಂದು, ಈಗ ಎಲ್ಲರೂ ಹೊತ್ತು ಮೂಡುವ ಮೊದಲೇ ವಾಪಸಾಗುತ್ತಾರೆ ಎಂದು ಹೇಳಿದ.

"ಎಲ್ಲರೂ?" ಎಂದರು ಗುರುಗಳು.

ಕೊಟ್ರೇಶ ಹೊನ್ನೂರಸಾಬರ ವಿಷಯ ಹೇಳಿದ. ಗುರುಗಳು ಕೇಳಿಸಿಕೊಂಡರು.

ಕೆಲವು ದಿನಗಳ ಮೇಲೆ ಗಂಗಮ್ಮ ಅವನನ್ನು ತಡೆದು ನಿಲ್ಲಿಸಿದರು. ಹೊನ್ನೂರಸಾಬರು ಅಂಗಡಿ ತೆರೆದಿಲ್ಲ ಎಂದರು. ತಾವು ಕೊಟ್ಟು ಬಂದ ರೊಟ್ಟಿ ಇಟ್ಟಲ್ಲೇ ಒಣಗಿದೆ ಎಂದರು. ಕದ ಮುಚ್ಚಿಕೊಂಡು ಗೋಡೆಗೆ ಮುಖ ಹಾಕಿ ಮಲಗಿರುತ್ತಾರಂತೆ. ಹೋದ ವರ್ಷ ಹೆಂಡತಿ ಹುಸೇನಬಿ ತೀರಿಕೊಂಡಾಗಲೂ ಹೀಗೇ ಮಲಗಿದ್ದರು. ಆಗ ಅವರನ್ನು ಎಬ್ಬಿಸಿ ಓಟಕ್ಕೆ ಕರೆತಂದವರು ಗಂಗಮ್ಮನೇ.

"ಅವರು ಓಡೋಕೆ ಬರ್ತಿರಲಿಲ್ಲ ತಮ್ಮಾ. ಮಂಟಪದಾಗ ಕೂತು ಹೆಂಡತಿ ಮಾತು ಆಡೋಕೆ ಬರ್ತಿದ್ರು. ನೀನು ಒಂದು ದಿನಾನೂ ಕೇಳಿಸಿಕೊಳ್ಳಲಿಲ್ಲೇನು?"

ಕೊಟ್ರೇಶ ಕೇಳಿಸಿಕೊಂಡಿರಲಿಲ್ಲ.

ಅಂದೇ ಅವರ ಮನೆಗೆ ಹೋದ. ಕೈಮುಗಿದು, ತನ್ನಿಂದ ತಪ್ಪಾಯಿತು ಎಂದ. ಹೊನ್ನೂರಸಾಬರು ಎದ್ದು ಕೂತರು. ನೀನು ಅಂದದ್ದರಲ್ಲಿ ಸುಳ್ಳೇನಿದೆ, ನಾನು ಯಾರಿಗೂ ಭಾರವಾಗಬಾರದು ಎಂದು ಮೆಲ್ಲಗೆ ಹೇಳಿದರು. ಅವರ ಗಡ್ಡ ಬೆಳೆದಿತ್ತು. ಕಣ್ಣು ಒಳಕ್ಕೆ ಹೋಗಿತ್ತು. ಸಿಟ್ಟಿನ ಸುಳಿವೇ ಇರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು ಅನಿಸಿತು ಕೊಟ್ರೇಶನಿಗೆ.

ಇನ್ನೊಮ್ಮೆ ಹೋಗಿ, ಸಂಜೆ ಹೊತ್ತು ನಿಮಗೊಬ್ಬರಿಗೇ ಹೇಳಿಕೊಡುತ್ತೇನೆ, ಮೆಲ್ಲಗೆ ಓಡೋಣ ಎಂದ. ನಿನಗೆ ಯಾಕೆ ತೊಂದರೆ ಎಂದರು ಅವರು. ಮತ್ತೊಮ್ಮೆ ಹಣ್ಣು ಹಿಡಿದು ಗುಂಪಿನವರನ್ನೆಲ್ಲ ಕರೆದುಕೊಂಡು ಹೋದ. ಅವರು ಎಲ್ಲರಿಗೂ ಚಾಪೆ ಹಾಸಿ ಕೂರಿಸಿದರು, ಎಲ್ಲರ ಆರೋಗ್ಯ ವಿಚಾರಿಸಿದರು, ಬಾಗಿಲ ತನಕ ಬಂದು ಕಳಿಸಿಕೊಟ್ಟರು. ಆಮೇಲೆ ಕದ ಹಾಕಿಕೊಂಡರು.

ಕೊಟ್ರೇಶ ಆಶ್ರಮಕ್ಕೆ ಬಂದು ಕಟ್ಟೆಯ ಮೇಲೆ ಕುಸಿದು ಕೂತ.

"ಕ್ಷಮೆ ಕೇಳಿದೆ. ಸಮಯ ಕೊಡುತ್ತೇನೆ ಎಂದೆ. ಊರನ್ನೇ ಅವರ ಮನೆಗೆ ಕರೆದುಕೊಂಡು ಹೋದೆ. ಇನ್ನೇನು ಕೊಡಲಿ?"

"ನಾಳೆ ಬೆಳಿಗ್ಗೆ ನನ್ನ ಕೋಲು ಕೊಡು" ಎಂದರು ಗುರುಗಳು.

ಮರುದಿನ ಗುರುಗಳು ಕೋಲೂರಿಕೊಂಡು ಹೊರಟರು. ಬೇಡವೆಂದರೂ ಕೇಳಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು ಸುಧಾರಿಸಿಕೊಳ್ಳುತ್ತ ಊರೊಳಗೆ ನಡೆದರು. ಕೊಟ್ರೇಶ ಹಿಂದೆ ಹಿಂದೆ ಹೋದ. ಹೊನ್ನೂರಸಾಬರ ಮನೆ ಬರುವ ಹೊತ್ತಿಗೆ ಗುರುಗಳ ಮುಖ ಬಿಳಚಿಕೊಂಡಿತ್ತು. ಅವರು ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಕೂತುಬಿಟ್ಟರು.

"ಹೊನ್ನೂರಾ" ಎಂದು ಕರೆದರು.

ಕದ ತೆರೆಯಿತು. ಗುರುಗಳನ್ನು ಕಂಡು ಹೊನ್ನೂರಸಾಬರು ಗಾಬರಿಯಾದರು. ಈ ಕಾಲಿನಲ್ಲಿ ಯಾಕೆ ಬಂದಿರಿ, ಹೇಳಿಕಳಿಸಿದ್ದರೆ ಆಗುತ್ತಿತ್ತಲ್ಲ ಎಂದರು. ನೀರು ತಂದುಕೊಟ್ಟರು.

ಗುರುಗಳು ನೀರು ಕುಡಿದರು.

"ಬರುವುದೇನೋ ಬಂದೆ. ಹಿಂದಕ್ಕೆ ಹೋಗೋಕೆ ಆಗ್ತಿಲ್ಲಪ್ಪ."

ಕೊಟ್ರೇಶ ತಟ್ಟನೆ ಮುಂದೆ ಬಂದು ಬೆನ್ನು ಬಗ್ಗಿಸಿದ. ಗುರುಗಳು ಅವನ ಕಡೆ ನೋಡದೆ ಕೈ ಅಡ್ಡ ಹಿಡಿದರು. ಹೊನ್ನೂರಸಾಬರನ್ನೇ ನೋಡುತ್ತ ಕೂತರು.

ಹೊನ್ನೂರಸಾಬರು ಒಳಗೆ ಹೋದರು. ಮುಖ ತೊಳೆದುಕೊಂಡು, ಅಂಗಿ ಬದಲಿಸಿ, ಚಪ್ಪಲಿ ಮೆಟ್ಟಿಕೊಂಡು ಬಂದರು. ಗುರುಗಳ ಕೈಯನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡರು.

ಇಬ್ಬರೂ ಹೊಳೆಯ ದಾರಿ ಹಿಡಿದರು. ಹೆಜ್ಜೆ ಬಹಳ ನಿಧಾನ. ಕೊಟ್ರೇಶನಿಲ್ಲದೆಯೇ ಹೋಗಿ ಮಂಟಪ ಮುಟ್ಟಿ ಬರುತ್ತಿದ್ದ ಗುಂಪು ಹಿಂದಿನಿಂದ ಬಂದು ಕೂಡಿತು. ಯಾರೂ ಸೀಟಿಗೆ ಕಾಯಲಿಲ್ಲ. ಓಟ ನಿಲ್ಲಿಸಿ ಅವರ ಜೊತೆಗೇ ನಡೆಯತೊಡಗಿದರು. ಗುರುಗಳು ಹುಸೇನಬಿಯ ವಿಷಯ ಏನೋ ಕೇಳಿದರು. ಹೊನ್ನೂರಸಾಬರು ಹೇಳತೊಡಗಿದರು. ಗುಂಪಾಗಿ ಸಾಗುತ್ತಿದ್ದ ಆ ಜನರ ಹಿಂದೆ, ಎಲ್ಲರಿಗಿಂತ ಕೊನೆಗೆ, ಕೊಟ್ರೇಶ ನಡೆದ. ಹುಸೇನಬಿ ಹತ್ತಿ ಹಿಂಜುವಾಗ ಮೂಗಿಗೆ ಸೆರಗು ಕಟ್ಟಿಕೊಂಡೇ ಹಾಡುತ್ತಿದ್ದಳು ಎಂಬುದು ಅವನಿಗೆ ಅಂದು ತಿಳಿಯಿತು. ಹಾಡು ಯಾವುದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲವಂತೆ. ಅದನ್ನು ಹೇಳುವಾಗ ಹೊನ್ನೂರಸಾಬರು ನಕ್ಕರು.

ಆಶ್ರಮ ತಲುಪಿದಾಗ ಬಿಸಿಲು ಏರಿತ್ತು. ಗಂಗಮ್ಮ ಕೊಟ್ಟ ಗಂಜಿಯನ್ನು ಹೊನ್ನೂರಸಾಬರು ಎರಡನೆಯ ಸಲವೂ ಹಾಕಿಸಿಕೊಂಡು ಕುಡಿದರು.

ಮಾರನೆಯ ಬೆಳಿಗ್ಗೆ ಯಾರೂ ಕರೆಯದೆ ಅವರೇ ಬಂದರು. ಅಜ್ಜಾರ ಕಾಲು ಹೇಗಿದೆ ನೋಡಿಹೋಗೋಣ ಅಂತ ಬಂದೆ ಎಂದರು. ಇನ್ನೂ ನೋಯುತ್ತಿದೆ, ಸ್ವಲ್ಪ ಹೆಗಲು ಕೊಡು ಎಂದರು ಗುರುಗಳು. ಅಲ್ಲಿಂದ ಮುಂದೆ ದಿನವೂ ಹಾಗೇ ನಡೆಯಿತು. ಹೊನ್ನೂರಸಾಬರ ಅಂಗಡಿ ತೆರೆಯಿತು. ಮಂಟಪದಲ್ಲಿ ಮತ್ತೆ ಎಲ್ಲರೂ ಕೂರತೊಡಗಿದರು.

ಕೊಟ್ರೇಶನಿಗೆ ಮಾತ್ರ ಒಂದು ಮುಳ್ಳು ಉಳಿಯಿತು. ಒಂದು ಸಂಜೆ ಗುರುಗಳ ಮಂಡಿಗೆ ಎಣ್ಣೆ ತಿಕ್ಕುತ್ತ ಕೇಳಿದ.

"ಆ ದಿನ ನಿಜವಾಗಿಯೂ ನಡೆಯಲು ಆಗುತ್ತಿರಲಿಲ್ಲವೇ?"

"ಆಗುತ್ತಿರಲಿಲ್ಲ."

"ನಾನು ಪಕ್ಕದಲ್ಲೇ ಇದ್ದೆ. ಗಟ್ಟಿಯಾಗಿದ್ದೆ. ನನಗೆ ಬಿಟ್ಟಿದ್ದರೆ ಒಂದೇ ಉಸಿರಿಗೆ ನಿಮ್ಮನ್ನು ಹೊತ್ತು ತರುತ್ತಿದ್ದೆ."

ಗುರುಗಳು ಕಾಲು ಮಡಚಿಕೊಂಡರು.

"ನೀನು ತರುತ್ತಿದ್ದೆ. ಆಗ ಆಶ್ರಮಕ್ಕೆ ನಾನೊಬ್ಬನೇ ಬರುತ್ತಿದ್ದೆ."