ತಿರುವಿನಲ್ಲಿ ಕಾದವರು

"ಗುರುಗಳೇ, ಉಪಕಾರ ಮಾಡಿದವರ ಮೇಲೆಯೇ ಸಿಟ್ಟಾಗುವವನನ್ನು ಏನು ಮಾಡಬೇಕು?" ಎಂದು ನೀಲಕಂಠ ಕೇಳಿದ.

ಗುರುಗಳು ಮಠದ ಜಗಲಿಯ ಮೇಲೆ ಕೂತು ದೀಪದ ಬತ್ತಿ ಹೊಸೆಯುತ್ತಿದ್ದರು. "ಯಾರು ಸಿಟ್ಟಾದದ್ದು?" ಎಂದರು.

"ಬೊಮ್ಮಯ್ಯ. ಆಯುಷ್ಯವೆಲ್ಲ ದೋಣಿ ನಡೆಸಿ, ತಲೆ ನರೆತ ಮೇಲೆ ಪಾಠಕ್ಕೆ ಬಂದವನು. ನಾವು ಒಂದು ಸಲ ಕೇಳಿ ಕಲಿಯುವ ಪದ್ಯ ಅವನ ನಾಲಿಗೆಗೆ ಹತ್ತಬೇಕಾದರೆ ಸಾಕೋ ಸಾಕಾಗುತ್ತದೆ. ಹಾಗೆಂದು ನಾವು ಅವನನ್ನು ಬಿಟ್ಟು ಮುಂದೆ ಹೋದವರಲ್ಲ. ಒಂದೊಂದು ಪದ್ಯಕ್ಕೂ ಅವನಿಗಾಗಿ ನಿಂತಿದ್ದೇವೆ. ನಿನ್ನೆ ನಾನು ಹೇಳಿಕೊಟ್ಟ ಪದ್ಯವನ್ನು ಕೊನೆಗೂ ತಪ್ಪಿಲ್ಲದೆ ಒಪ್ಪಿಸಿದ. ಆಮೇಲೆ ಏನಾಯಿತೋ, ಪಾಠದ ನಡುವೆ ದಡಕ್ಕನೆ ಎದ್ದ. ನಿಮ್ಮ ಸಹವಾಸವೇ ಬೇಡ ಎಂದು ಹೊರಗೆ ಹೋಗಿ ಕೂತ. ಉಂಡ ಮನೆಯ ಜಂತೆ ಎಣಿಸುವುದು ಎಂದರೆ ಇದೇ ಅಲ್ಲವೇ? ಅವನನ್ನು ಊರಿಗೆ ಕಳಿಸಿಬಿಡಿ."

ಗುರುಗಳು ಬತ್ತಿಯನ್ನು ಕೆಳಗಿಟ್ಟರು. "ಕಳಿಸೋಣ. ಅದಕ್ಕೆ ಮೊದಲು ಒಂದು ಕತೆ ಇದೆ, ಕೇಳು" ಎಂದು ಹೇಳತೊಡಗಿದರು.

ಕಡಲ ದಂಡೆಯ ಪೇಟೆಯೊಂದರಲ್ಲಿ ಒಬ್ಬ ದರ್ಜಿ ಇದ್ದ. ಪೇಟೆಯ ಬೆನ್ನಿಗೆ ಬೆಟ್ಟಗಳ ಸಾಲು. ಅದರಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರದ ಮೇಲೆ ನಿಂತರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಅಂಗೈಯಷ್ಟು ಪೇಟೆ ಕಾಣುತ್ತದೆ ಎಂದು ಹೋಗಿ ಬಂದವರು ಹೇಳುತ್ತಿದ್ದರು. ದರ್ಜಿ ಹೋದವನಲ್ಲ. ಹುಟ್ಟಿದ್ದು ಅಲ್ಲೇ, ಬೆಳೆದದ್ದು ಅಲ್ಲೇ. ಆದರೆ ಕತ್ತು ಬಗ್ಗಿಸಿ ಹೊಲಿಯುವವನಿಗೆ ಕತ್ತೆತ್ತಿ ಬೆಟ್ಟ ನೋಡಲು ಪುರುಸೊತ್ತೆಲ್ಲಿ? ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎನ್ನುತ್ತಲೇ ವಯಸ್ಸಾಯಿತು.

ಆಮೇಲೆ ಅವನ ಕಣ್ಣು ಮಂಜಾಗತೊಡಗಿತು. ಸೂಜಿಗೆ ದಾರ ಪೋಣಿಸಲು ಹೆಂಡತಿಯನ್ನು ಕರೆಯಬೇಕಾಯಿತು. ವೈದ್ಯ ಪರೀಕ್ಷೆ ಮಾಡಿ, ಇದಕ್ಕೆ ಮದ್ದಿಲ್ಲ, ಬರುವ ಮಳೆಗಾಲದ ಹೊತ್ತಿಗೆ ದೂರದ್ದು ಏನೂ ಕಾಣಲಾರದು ಎಂದ. ಮುಚ್ಚುಮರೆ ಮಾಡಲಿಲ್ಲ. ದರ್ಜಿ ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಒಂದೇ ಮಾತು. ಕಣ್ಣು ಹೋಗುವ ಮೊದಲು ಒಂದು ಸಲ ಆ ಶಿಖರದ ಮೇಲೆ ನಿಂತು ಸಮುದ್ರ ನೋಡಬೇಕು.

ಅದೇ ಪೇಟೆಯಲ್ಲಿ ಒಬ್ಬ ಜವಳಿ ವರ್ತಕ ಇದ್ದ. ವಾರಕ್ಕೊಮ್ಮೆ ಗೆಳೆಯರನ್ನು ಕಟ್ಟಿಕೊಂಡು ಬೆಟ್ಟ ಹತ್ತುವುದು ಅವನ ಹವ್ಯಾಸ. ಘಾಟಿಯ ರಸ್ತೆ ಮುಗಿಯುವವರೆಗೆ ಸೈಕಲ್ಲು, ಅಲ್ಲಿಂದ ಶಿಖರಕ್ಕೆ ಕಾಲುದಾರಿ. ಅವರ ಗುಂಪಿಗೆ ಒಂದು ನಿಯಮವಿತ್ತು. ಪ್ರತಿ ತಿರುವಿನಲ್ಲೂ ನಿಲ್ಲಬೇಕು, ಕೊನೆಯವನು ಬಂದು ಸೇರುವವರೆಗೆ ಯಾರೂ ಮುಂದೆ ಹೋಗಬಾರದು. ಈ ನಿಯಮದ ಬಗ್ಗೆ ವರ್ತಕನಿಗೆ ಬಲು ಹೆಮ್ಮೆ. ಅಂಗಡಿಗೆ ಬಂದವರಿಗೆ ಸೀರೆ ತೋರಿಸುವ ಮೊದಲು ಇದನ್ನು ಹೇಳಿ ಮುಗಿಸುತ್ತಿದ್ದ. ದರ್ಜಿ ಹೋಗಿ ತನ್ನ ಆಸೆ ತಿಳಿಸಿದಾಗ, "ಧಾರಾಳವಾಗಿ ಬನ್ನಿ ಮಾರಾಯರೇ. ಯಾರನ್ನೂ ಹಿಂದೆ ಬಿಟ್ಟು ಹೋಗುವ ಪದ್ಧತಿ ನಮ್ಮಲ್ಲಿಲ್ಲ" ಎಂದ. ದರ್ಜಿಗೆ ಕಣ್ಣು ತುಂಬಿ ಬಂತು.

ಬೆಳಕು ಹರಿಯುವಾಗ ಹೊರಟರು. ಅವರವು ಗೇರ್ ಇರುವ ಹಗುರ ಸೈಕಲ್ಲುಗಳು. ದರ್ಜಿಯದು ಹೊಲಿದ ಬಟ್ಟೆಯನ್ನು ಮನೆಮನೆಗೆ ಮುಟ್ಟಿಸುವ ಹಳೆಯ ಸೈಕಲ್ಲು, ಹಿಂದೆ ಕಬ್ಬಿಣದ ಕ್ಯಾರಿಯರ್ ಬೇರೆ. ಗದ್ದೆಬಯಲು ಮುಗಿಯುವವರೆಗೆ ಜೊತೆಗೇ ಇದ್ದ. ಏರು ಶುರುವಾದದ್ದೇ ತಡ, ಅವರು ಮುಂದಾದರು, ಇವನು ಇಳಿದು ತಳ್ಳತೊಡಗಿದ.

ಮೊದಲನೆಯ ತಿರುವಿನಲ್ಲಿ ಅವರು ಮೋರಿಯ ಕಟ್ಟೆಯ ಮೇಲೆ ಕೂತು ಕಿತ್ತಳೆ ಸುಲಿದು ತಿನ್ನುತ್ತಿದ್ದರು. ಮೈಯ ಬೆವರು ಆಗಲೇ ಆರಿತ್ತು. ದರ್ಜಿ ಏದುಸಿರು ಬಿಡುತ್ತ ಬಂದು ಮುಟ್ಟಿದ. "ಬಂದರು, ಬಂದರು" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಿದ ಕೈಯಿಂದಲೇ ಬಟ್ಟೆ ಕೊಡವಿಕೊಂಡು ಸೈಕಲ್ಲು ಹತ್ತಿದರು. ದರ್ಜಿ ತನ್ನ ಸೈಕಲ್ಲಿಗೆ ಇನ್ನೂ ಸ್ಟ್ಯಾಂಡ್ ಹಾಕಿರಲಿಲ್ಲ. ಪಾಪ, ನನಗಾಗಿ ಇಷ್ಟು ಹೊತ್ತು ಕಾದರಲ್ಲ, ಇನ್ನೂ ಕಾಯಿಸುವುದು ಯಾವ ನ್ಯಾಯ ಎಂದುಕೊಂಡು ಅವರ ಹಿಂದೆಯೇ ಹೊರಟ.

ಎರಡನೆಯ ತಿರುವಿನಲ್ಲೂ ಹಾಗೇ ಆಯಿತು. ಯಾರೋ ಒಬ್ಬರು ಹೊರಡುತ್ತ ಹೊರಡುತ್ತ ನೀರಿನ ಬಾಟಲಿ ಕೊಟ್ಟರು. ದರ್ಜಿ ಒಂದು ಕೈಯಲ್ಲಿ ಸೈಕಲ್ಲು ತಳ್ಳುತ್ತ ಇನ್ನೊಂದು ಕೈಯಲ್ಲಿ ಕುಡಿದ. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು.

ಅದರಾಚೆಯ ತಿರುವಿನಲ್ಲಿ ಒಬ್ಬ ಮುಖದ ಮೇಲೆ ಟೊಪ್ಪಿ ಹಾಕಿಕೊಂಡು ಮಲಗಿದ್ದ. ದರ್ಜಿ ಬಂದ ಸದ್ದಿಗೆ ಎದ್ದು, ಆಕಳಿಸಿ, ನಿಮ್ಮ ದಯೆಯಿಂದ ಒಳ್ಳೆಯ ನಿದ್ದೆಯಾಯಿತು ಎಂದ. ಎಲ್ಲರೂ ನಕ್ಕರು. ದರ್ಜಿಯೂ ನಕ್ಕ.

ಇಲ್ಲಿ ಗುರುಗಳು ಕತೆ ನಿಲ್ಲಿಸಿದರು. "ಅವನು ನಕ್ಕ ಎನ್ನುವಾಗಲೇ ನನಗೆ ಮೈ ಉರಿಯುತ್ತದೆ ನೀಲಕಂಠ. ಕಾಲು ನಡುಗುತ್ತಿದೆ, ಗಂಟಲು ಒಣಗಿದೆ, ಆದರೂ ನಗಬೇಕು. ಉಪಕಾರದ ಭಾರ ತಲೆಯ ಮೇಲಿದ್ದರೆ ಬಡವ ಅಳುವ ಹಾಗೂ ಇಲ್ಲ" ಎಂದರು. ನೀಲಕಂಠ ಹೌದೆಂದು ತಲೆಯಾಡಿಸಿದ. ಗುರುಗಳು ಮುಂದುವರಿಸಿದರು.

ರಸ್ತೆ ಮುಗಿಯಿತು. ಸೈಕಲ್ಲುಗಳನ್ನು ಮರಕ್ಕೆ ಒರಗಿಸಿ ಕಾಲುದಾರಿ ಹಿಡಿದರು. ಶಿಖರಕ್ಕೆ ಇನ್ನು ಕೂಗಳತೆ ಇರುವಲ್ಲಿ ಒಂದು ದೊಡ್ಡ ಬಂಡೆ. ಅದನ್ನು ಬಳಸಿ ಮೇಲೆ ಹೋದರೆ ಸಮುದ್ರ. ಬಂಡೆಯ ನೆರಳಿನಲ್ಲಿ ಅವರು ಕಾಲು ಚಾಚಿ ಕೂತು ಅವಲಕ್ಕಿ ತಿಂದು ಮುಗಿಸಿದ್ದರು. ದರ್ಜಿ ಬೇರು ಹಿಡಿದು, ಕಲ್ಲು ಹಿಡಿದು, ಹೇಗೋ ಅಲ್ಲಿಗೆ ಮುಟ್ಟಿದ. ಅವನ ತಲೆ ಕಂಡ ಕೂಡಲೇ ಅವರು ಎದ್ದು ನಿಂತರು.

ಈ ಸಲ ದರ್ಜಿ ಕೂತುಬಿಟ್ಟ. ಬೇಕೆಂದು ಕೂತದ್ದಲ್ಲ, ಕಾಲು ಕೂರಿಸಿತು.

ವರ್ತಕ ಆಕಾಶ ನೋಡಿದ. ಬಿಸಿಲು ಏರಿದರೆ ಕೆಳಗಿನಿಂದ ಮಬ್ಬು ಎದ್ದು ಸಮುದ್ರ ಮುಚ್ಚಿಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. "ಏಳಿ ಏಳಿ, ಬೆಳಗಿನಿಂದ ನಿಮಗಾಗಿ ಕೂತು ಕೂತು ನಮಗೇ ಸಾಕಾಗಿದೆ. ಇನ್ನೂ ಕೂರಬೇಕೇ?" ಎಂದ.

ದರ್ಜಿ ತಲೆಯೆತ್ತಿ ಅವನನ್ನು ನೋಡಿದ. ಜನ್ಮದಲ್ಲಿ ಯಾರಿಗೂ ಎದುರು ಮಾತಾಡಿದವನಲ್ಲ. ಅಂಥವನ ಬಾಯಿಂದ ಮಾತು ಹೊರಟಿತು.

"ಸಾಹುಕಾರರೇ, ನೀವು ಕಾಯಲಿಲ್ಲ. ನೀವು ದಣಿವಾರಿಸಿಕೊಂಡಿರಿ, ಅದಕ್ಕೆ ನನ್ನ ಹೆಸರು ಹಾಕಿದಿರಿ. ನಿಮ್ಮೆಲ್ಲರಿಗಿಂತ ಹೆಚ್ಚು ದಣಿದವನು ನಾನು. ನನ್ನನ್ನು ಒಂದು ಕಡೆಯಾದರೂ ಕೂರಲು ಬಿಟ್ಟಿರಾ? ಬೆಳಗಿನಿಂದ ನಿಮ್ಮ ಬೆನ್ನು ಬಿಟ್ಟರೆ ಬೇರೇನೂ ನೋಡಿಲ್ಲ ನಾನು."

ವರ್ತಕ ದಂಗಾದ. ಮುಖ ಕೆಂಪಾಯಿತು. ಗೆಳೆಯರ ಕಡೆ ತಿರುಗಿ, "ಕೇಳಿದಿರಲ್ಲ? ಇದು ಒಳ್ಳೆಯವರಿಗೆ ಕಾಲವಲ್ಲ" ಎಂದು ಹೇಳಿ ಬಂಡೆ ಬಳಸಿ ಮೇಲೆ ಹೋದ. ಗೆಳೆಯರೂ ಹೋದರು. ಅವರು ಮೇಲೆ ನಿಂತು, ಅಗೋ ದೋಣಿ, ಅಗೋ ಹೊಳೆಯ ಅಳಿವೆ, ಅಗೋ ನಮ್ಮ ಅಂಗಡಿಯ ಹೆಂಚಿನ ಮಾಡು ಎನ್ನುವುದು ದರ್ಜಿಗೆ ಕೇಳಿಸುತ್ತಿತ್ತು. ಅವನು ಏಳಲು ನೋಡಿದ. ತೊಡೆ ಹಿಡಿದುಕೊಂಡಿತು. ಮತ್ತೆ ಏಳಲು ನೋಡಿದ, ಮತ್ತೆ ಬಿದ್ದ. ಕೊನೆಗೆ ಅಂಬೆಗಾಲಿಟ್ಟುಕೊಂಡು ಶಿಖರ ಮುಟ್ಟಿದ.

ಆಗ ಮಬ್ಬು ಎದ್ದಾಗಿತ್ತು. ಸಮುದ್ರವಿಲ್ಲ, ಹೊಳೆಯಿಲ್ಲ, ಪೇಟೆಯಿಲ್ಲ. ಎಲ್ಲ ಕಡೆ ಬರೀ ಬಿಳುಪು. ದರ್ಜಿ ತನ್ನ ಕಣ್ಣೇ ಹೋಯಿತೇನೋ ಎಂದು ಹೆದರಿ ಅಂಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡ. ಇಳಿಯುತ್ತಿದ್ದವರಲ್ಲಿ ಒಬ್ಬ, "ಛೇ, ಈಗ ತಾನೇ ಎಷ್ಟು ಚೆನ್ನಾಗಿ ಕಾಣುತ್ತಿತ್ತು" ಎಂದ.

ಆಮೇಲೆ ಅವನಿಗೆ ಬೆಟ್ಟ ಹತ್ತಲು ಆಗಲಿಲ್ಲ. ಮಳೆಗಾಲ ಬಂತು. ವೈದ್ಯ ಹೇಳಿದ್ದು ಹೇಳಿದ ಹಾಗೆಯೇ ಆಯಿತು.

ವರ್ತಕ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿದ. ನಾವು ಒಂದು ತಿರುವನ್ನೂ ಬಿಡದೆ ಅವನಿಗಾಗಿ ಕಾದೆವು, ನೀರು ಕೊಟ್ಟೆವು, ಚಪ್ಪಾಳೆ ತಟ್ಟಿದೆವು, ಆದರೂ ನಮಗೇ ಬೈದ. ಪೇಟೆಯ ಜನ ಲೊಚಗುಟ್ಟಿದರು. ದರ್ಜಿಯ ಹೆಂಡತಿ ನೀರಿಗೆ ಹೋದಾಗ ನಾಲ್ಕು ಜನ ಅವಳನ್ನು ನಿಲ್ಲಿಸಿ, ನಿನ್ನ ಗಂಡನಿಗೆ ಸಾಹುಕಾರರಲ್ಲಿ ಹೋಗಿ ತಪ್ಪಾಯಿತು ಎನ್ನಲು ಹೇಳು ಎಂದು ಬುದ್ಧಿ ಹೇಳಿದರು. ಯಾಕೆಂದರೆ ವರ್ತಕ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಗುರುಗಳು ಕತೆ ಮುಗಿಸಿ ಮತ್ತೆ ಬತ್ತಿ ಕೈಗೆತ್ತಿಕೊಂಡರು.

ನೀಲಕಂಠನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅವನ ಕಿವಿ ಬಿಸಿಯಾಗಿತ್ತು. "ಎಂಥ ಮನುಷ್ಯ ಗುರುಗಳೇ ಆ ವರ್ತಕ! ಕಣ್ಣು ಹೋಗುವವನ ಆಸೆ ಅದು. ಅವನು ಬಂದ ಮೇಲೆ ಇನ್ನೊಂದು ಗಳಿಗೆ ಕೂತಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಅಂಥವನಿಗೆ ಮುಖದ ಮೇಲೆ ಹೊಡೆದ ಹಾಗೆ ಹೇಳುವವರು ಆ ಪೇಟೆಯಲ್ಲಿ ಒಬ್ಬರೂ ಇರಲಿಲ್ಲವೇ?" ಎಂದ.

ಗುರುಗಳು ಬತ್ತಿಯಿಂದ ಕಣ್ಣೆತ್ತದೆ ಕೇಳಿದರು: "ನಿನ್ನೆ ಬೊಮ್ಮಯ್ಯ ಆ ಪದ್ಯವನ್ನು ಕೊನೆಗೂ ತಪ್ಪಿಲ್ಲದೆ ಹೇಳಿದನಲ್ಲ, ಆಮೇಲೆ ನೀನು ಮುಂದಿನ ಪದ್ಯ ಎತ್ತಿಕೊಂಡದ್ದು ಎಷ್ಟು ಹೊತ್ತು ಬಿಟ್ಟು?"