ಪೂಜೆಯಾದ ಮೇಲೆ ಏಳದ ಕಂಪ್ಯೂಟರ್

ಮೈಸೂರಿನಲ್ಲಿ ಸುಜಯ ಅಂತ ಒಬ್ಬ ಕಂಪ್ಯೂಟರ್ ರಿಪೇರಿಯವನಿದ್ದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವನಿಗೆ ಕೆಲಸ ಕಲಿಸಿದ ಗುರು ಲಾಜರಪ್ಪನವರು ರೇಡಿಯೋ ಕಾಲದಿಂದ ಬಂದವರು. ಅವರ ಅಂಗಡಿಯಲ್ಲಿ ಇದ್ದದ್ದು ಒಂದೇ ಕಟ್ಟುಪಾಡು: ಯಾರ ಡಿಸ್ಕನ್ನೇ ಆಗಲಿ, ಗುಜರಿಗೆ ಹಾಕುವ ಮುಂಚೆ ಗುರುಗಳಿಗೊಂದು ಮಾತು ಹೇಳಬೇಕು. ಹತ್ತು ವರ್ಷ ದುಡಿದ ಸುಜಯನಿಗೆ ಇದೊಂದು ಕಿರಿಕಿರಿ. ನಾನೇನು ನಿನ್ನೆ ಮೊನ್ನೆ ಬಂದವನಾ ಅಂತ ಒಳಗೊಳಗೇ ಗೊಣಗುತ್ತಿದ್ದ.

ದಸರಾ ಮುಗಿದ ಮಾರನೇ ದಿನ ಕಣ್ಣು ಕಾಣದ ಮಕ್ಕಳ ಶಾಲೆಯಿಂದ ಫೋನ್ ಬಂತು. ಚೀಲ ಹೆಗಲಿಗೇರಿಸಿ ಸುಜಯ ಹೊರಟ.

ಆ ಶಾಲೆಯಲ್ಲಿ ಪಂಕಜಮ್ಮ ಅನ್ನುವವರು ಪಾಠಪುಸ್ತಕಗಳನ್ನು ಬ್ರೈಲ್ ಲಿಪಿಗೆ ಇಳಿಸುತ್ತಿದ್ದರು. ಬ್ರೈಲ್ ಅಂದರೆ ಬೆರಳಿನಿಂದ ಮುಟ್ಟಿ ಓದುವ ಉಬ್ಬುಚುಕ್ಕಿಯ ಅಕ್ಷರ. ಅಲ್ಲಿದ್ದ ಚುಕ್ಕಿ ಒತ್ತುವ ಯಂತ್ರ ಹಳೇ ಕಾಲದ್ದು, ಹೊಸ ಕಂಪ್ಯೂಟರುಗಳ ಮಾತು ಕೇಳುತ್ತಿರಲಿಲ್ಲ. ಅದಕ್ಕಾಗಿಯೇ ಇಪ್ಪತ್ತೈದು ವರ್ಷದ ಒಂದು ಮುದಿ ಕಂಪ್ಯೂಟರನ್ನು ಜೋಪಾನ ಮಾಡಿ ಇಟ್ಟುಕೊಂಡಿದ್ದರು. ಈಗ ಅದೇ ಏಳುತ್ತಿಲ್ಲ! ಗುಂಡಿ ಒತ್ತಿದರೆ ಪರದೆಯ ಮೇಲೆ ಇಂಗ್ಲಿಷಿನ ಒಂದೇ ಸಾಲು, ಶುರು ಮಾಡುವ ಡಿಸ್ಕ್ ಸಿಗುತ್ತಿಲ್ಲ ಅಂತ.

ಪಂಕಜಮ್ಮನ ಮುಖ ಬಾಡಿಹೋಗಿತ್ತು. "ಏಳನೇ ಕ್ಲಾಸಿನ ವಿಜ್ಞಾನದ ಪುಸ್ತಕ ಪೂರ್ತಿ ಇದರಲ್ಲಿದೆ ಸಾರ್. ಆರು ತಿಂಗಳು ಕೂತು ಮಾಡಿದ್ದೀನಿ. ಸೋಮವಾರ ಹನ್ನೆರಡು ಮಕ್ಕಳ ಕೈಗೆ ಕೊಡ್ತೀನಿ ಅಂದಿದ್ದೆ."

"ಬೇರೆ ಕಡೆ ಒಂದು ಕಾಪಿ ಇಟ್ಟಿಲ್ವಾ?"

"ಮೊದಲನೇ ಪಾಠ ಒಂದು ಫ್ಲಾಪಿಯಲ್ಲಿದೆ. ಮಿಕ್ಕಿದ್ದೆಲ್ಲ ಇದರ ಹೊಟ್ಟೆಯಲ್ಲೇ." ಫ್ಲಾಪಿ ಅಂದರೆ ಕಂಪ್ಯೂಟರಿನ ಬಾಯಿಗೆ ತೂರಿಸಿ ತೆಗೆಯುವ, ಅಂಗೈಯಗಲದ ಹಳೇ ಕಾಲದ ತಟ್ಟೆ.

ಸುಜಯ ಕಂಪ್ಯೂಟರಿನ ಕಡೆ ನೋಡಿದ. ಮೈತುಂಬಾ ಅರಿಶಿನ ಕುಂಕುಮ, ಎದುರಿಗೆ ಅಡ್ಡಡ್ಡ ಅಂಟಿಸಿದ್ದ ದಪ್ಪನೆ ಸೇವಂತಿಗೆ ಹಾರ. ಅವನಿಗೆ ನಗು ತಡೆಯಲಾಗಲಿಲ್ಲ.

ಪಂಕಜಮ್ಮ ಮೆಲ್ಲಗೆ ಶುರುಮಾಡಿದರು. "ಆಯುಧಪೂಜೆ ದಿನ ನಾನು ಇದಕ್ಕೆ..."

"ಗೊತ್ತಾಯ್ತು ಬಿಡಿಮ್ಮ! ಮಂಗಳಾರತಿ ಜಾಸ್ತಿಯಾಗಿ ಸಮಾಧಿಗೆ ಹೋಗಿದೆ!" ಅಂತ ಸುಜಯ ಗಹಗಹಿಸಿದ. "ನಿಮ್ಮ ದೇವರ ಹಾರ ನಾನು ಮುಟ್ಟಲ್ಲಪ್ಪ, ಹಿಂದಿನಿಂದ ಬಿಚ್ಚುತೀನಿ."

ಪಾಪ, ಪಂಕಜಮ್ಮ ಬಾಯಿ ಮುಚ್ಚಿಕೊಂಡರು. ಸೆರಗಿನ ತುದಿ ತಿರುಚುತ್ತಾ ಮೂಲೆಯ ಕುರ್ಚಿಯಲ್ಲಿ ಕೂತುಬಿಟ್ಟರು.

ಸುಜಯ ಸೋಮಾರಿಯಲ್ಲ, ಅದನ್ನು ಒಪ್ಪಲೇಬೇಕು. ಧೂಳು ಊದಿದ. ವೈರು ಬದಲಾಯಿಸಿದ. ಒಳಗಿನ ಗುಂಡು ಬ್ಯಾಟರಿ ತೆಗೆದು ಹೊಸದು ಹಾಕಿದ. ಮೂರು ಗಂಟೆ ಬೆವರು ಸುರಿಸಿದ. ಪರದೆ ಮಾತ್ರ ಅದೇ ಸಾಲು ಹಿಡಿದು ಕೂತಿತ್ತು. ಕೊನೆಗೆ ಸೊಂಟ ನೆಟ್ಟಗೆ ಮಾಡಿ ಹೇಳಿದ: "ಡಿಸ್ಕ್ ಹೋಗಿದೆ ಅಮ್ಮ. ಇದನ್ನು ಗುಜರಿಗೆ ಹಾಕಿ ಬೇರೆ ಕೂರಿಸೋಣ. ನಿಮ್ಮ ಪುಸ್ತಕ ಮಾತ್ರ ಇನ್ನು ಸಿಗಲ್ಲ."

ಪಂಕಜಮ್ಮ ಅಳಲಿಲ್ಲ. "ಮಕ್ಕಳಿಗೆ ಏನಂತ ಹೇಳ್ಲಿ?" ಅಂತ ಅಂದರು ಅಷ್ಟೇ. ಅದನ್ನು ಕೇಳಿ ಸುಜಯನಿಗೆ ಗುರುಗಳ ಕಟ್ಟುಪಾಡು ನೆನಪಾಯಿತು. ಗುರುಗಳಿಗೆ ಫೋನ್ ಮಾಡಿದ.

ಲಾಜರಪ್ಪನವರು ಆಟೋ ಹಿಡಿದು ಬಂದರು. ಬಂದವರು ಕಂಪ್ಯೂಟರಿನ ಹತ್ತಿರ ಹೋಗಲೇ ಇಲ್ಲ. ಒಂದು ಸ್ಟೂಲು ಎಳೆದುಕೊಂಡು ಪಂಕಜಮ್ಮನ ಎದುರು ಕೂತರು.

"ತಾಯಿ, ಇದು ಸರಿಯಾಗಿ ಎದ್ದಿದ್ದು ಯಾವತ್ತು?"

"ಆಯುಧಪೂಜೆ ಹಿಂದಿನ ದಿನ ಸಾರ್."

"ಅವತ್ತಿಂದ ಇವತ್ತಿನ ತನಕ ಇದಕ್ಕೆ ಏನೇನು ಮಾಡಿದ್ರಿ? ಸಣ್ಣದು ದೊಡ್ಡದು ಅನ್ನಬೇಡಿ, ಎಲ್ಲಾ ಹೇಳಿ."

ಪಂಕಜಮ್ಮ ಒಮ್ಮೆ ಸುಜಯನ ಕಡೆ ನೋಡಿದರು. "ನಗಬಾರದು ಮತ್ತೆ."

"ಪೂಜೆಗೆ ಯಾರಾದರೂ ನಗ್ತಾರಾ? ಹೇಳಿ."

"ಎಲ್ಲ ಒರೆಸಿದೆ. ಕುಂಕುಮ ಇಟ್ಟೆ. ಆಮೇಲೆ ನೋಡಿದ್ರೆ ಮೊದಲನೇ ಪಾಠದ ಫ್ಲಾಪಿ ಡ್ರಾಯರಿನಲ್ಲೇ ಉಳಿದುಹೋಗಿತ್ತು. ಅದೂ ಕೆಲಸದ ಸಾಮಾನೇ ಅಲ್ವಾ, ಅದೊಂದನ್ನು ಪೂಜೆಗೆ ಬಿಡಬಾರದು ಅಂತ ಕಂಪ್ಯೂಟರಿನ ಒಳಗೇ ಇಟ್ಟು, ಮೇಲೆ ಹಾರ ಹಾಕಿದೆ."

ಲಾಜರಪ್ಪನವರ ಮುಖ ಅರಳಿತು. ಎದ್ದು ಹೋಗಿ, ಹಾರವನ್ನು ಎರಡೂ ಕೈಯಲ್ಲಿ ಬಿಡಿಸಿ, ಕಣ್ಣಿಗೊತ್ತಿ ಪಕ್ಕಕ್ಕಿಟ್ಟರು. ಹಾರದ ಹಿಂದಿದ್ದ ಗುಂಡಿ ಒತ್ತಿದರು. ಟಕ್ ಅಂತ ಫ್ಲಾಪಿ ಹೊರಗೆ ಬಂತು.

"ನೋಡು ಸುಜಯ, ಆ ಕಾಲದ ಯಂತ್ರಗಳು ಏಳುವಾಗ ಮೊದಲು ಬಾಯಿ ನೋಡಿಕೊಳ್ತವೆ, ಆಮೇಲೆ ಹೊಟ್ಟೆ. ಬಾಯಲ್ಲಿ ಫ್ಲಾಪಿ ಇದ್ದರೆ ಅದರಿಂದಲೇ ಏಳೋಕೆ ನೋಡ್ತವೆ. ಈ ಫ್ಲಾಪಿಯಲ್ಲಿ ಪಾಠ ಇದೆ, ಎಬ್ಬಿಸೋ ಸಾಮಾನು ಇಲ್ಲ. ಅಲ್ಲೇ ನಿಂತುಬಿಡ್ತು."

ಮತ್ತೆ ಚಾಲೂ ಮಾಡಿದರು. ಯಂತ್ರ ಗೊರಗೊರ ಅಂದು ಎದ್ದಿತು. ಆರು ತಿಂಗಳ ಪುಸ್ತಕ ಒಂದು ಚುಕ್ಕಿಯೂ ಮುಕ್ಕಾಗದೆ ಅಲ್ಲೇ ಇತ್ತು. ಅಲ್ಲಿಯ ತನಕ ಅಳದಿದ್ದ ಪಂಕಜಮ್ಮ ಈಗ ಗಳಗಳ ಅತ್ತುಬಿಟ್ಟರು.

ಸುಜಯ ತಲೆ ತಗ್ಗಿಸಿದ. "ಬೈಯಿರಿ ಸಾರ್. ಒಳ್ಳೆಯ ಡಿಸ್ಕನ್ನೇ ಗುಜರಿಗೆ ಹಾಕ್ತಿದ್ದೆ."

"ಬೈಯೋದೇನು ಬಂತು? ಮೂರು ಗಂಟೆ ಯಂತ್ರವನ್ನ ಕೇಳಿದೆ. ಈ ತಾಯೀನ ಮೂರು ನಿಮಿಷ ಕೇಳಿದ್ದರೆ ಸಾಕಾಗಿತ್ತು."

ಸುಜಯ ಪಂಕಜಮ್ಮನ ಹತ್ತಿರ ಹೋದ. "ತಪ್ಪಾಯ್ತಮ್ಮ, ಹೇಳೋಕೆ ಬಂದಿರಿ, ನಾನು ಬಿಡಲಿಲ್ಲ" ಅಂದ. ಆಮೇಲೆ ಇಡೀ ಪುಸ್ತಕವನ್ನು ಫ್ಲಾಪಿಗಳಿಗೆ ಇಳಿಸಿಕೊಟ್ಟ. ಮಧ್ಯಾಹ್ನ ಚುಕ್ಕಿ ಯಂತ್ರ ಟಕಟಕ ಶುರುವಾದಾಗ, ಪಕ್ಕಕ್ಕಿಟ್ಟಿದ್ದ ಸೇವಂತಿಗೆ ಹಾರವನ್ನು ತನ್ನ ಕೈಯಾರೆ ಎತ್ತಿ ಕಂಪ್ಯೂಟರಿನ ತಲೆಗೆ ಸುತ್ತಿದ, ಈ ಸಲ ಬಾಯಿ ಮುಚ್ಚದ ಹಾಗೆ.

ನೀತಿ: ಕೆಟ್ಟದ್ದನ್ನು ಸರಿಮಾಡಲು ಹೋದವರು, ಅದರ ಜೊತೆ ದಿನಾ ಬಾಳುವವರ ಮಾತನ್ನು ಮೊದಲು ನಗದೆ ಕೇಳಬೇಕು. ನಾವು ನಕ್ಕು ಮುಚ್ಚಿಸಿದ ಬಾಯಲ್ಲೇ ನಮಗೆ ಬೇಕಾದ ಉತ್ತರ ಇರಬಹುದು.