ಕುಪ್ಪಸದವ್ವನ ಕಟ್ಟೆ

ಕಡ್ಲಿಗೇರಿಯ ಅಗಸಿ ಬಾಗಿಲು ದಾಟಿ ಎಡಕ್ಕೆ ಹೊರಳಿದರೆ, ಹಿಟ್ಟಿನ ಗಿರಣಿಯ ಎದುರಿಗೆ ಮೊಣಕಾಲೆತ್ತರದ ಒಂದು ಕಲ್ಲಿನ ಕಟ್ಟೆ ಇದೆ. ಕಟ್ಟೆಯ ನಡುವೆ ಒಂದು ದಾಳಿಂಬೆ ಗಿಡ. ಗುಡಿಯಿಲ್ಲ, ಮೂರ್ತಿಯಿಲ್ಲ; ಒಂದು ಗಂಟೆ, ಅದರ ಪಕ್ಕದಲ್ಲಿ ಎರಡು ಕಡೆ ನೆಗ್ಗಿದ ಹಿತ್ತಾಳೆಯ ತಂಬಿಗೆ ತೂಗುತ್ತಿರುತ್ತವೆ. ಗಿಡದ ಕಾಯಿಗಳಿಗೆಲ್ಲ ಹೆಂಗಸರ ಕುಪ್ಪಸದ ತೋಳು ತೊಡಿಸಿರುತ್ತಾರೆ. ಕೆಂಪು, ಹಸಿರು, ಜರಿಯಂಚಿನ ಖಣದವು, ಈಚೆಗೆ ಪಾಲಿಯೆಸ್ಟರಿನವೂ ಬಂದಿವೆ. ಹೊಸಬರು ನೋಡಿ ನಗುತ್ತಾರೆ, ಆಮೇಲೆ ಗಂಟೆ ಕಂಡು ಗಾಬರಿಯಿಂದ ಕೈಮುಗಿಯುತ್ತಾರೆ. ‘ಇಲ್ಲಿ ಯಾರೂ ನೀರು ಸುರಿಯಬಾರದು’ ಎಂದು ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದಿದೆ. ಅಭಿಷೇಕ ಒಲ್ಲೆನೆನ್ನುವ ದೇವರು ಸುತ್ತ ಹತ್ತೂರಿನಲ್ಲಿ ಇದೊಂದೇ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಜಾಗದಲ್ಲಿ ಗಂಗಿಮಾಳವ್ವ ಎಂಬ ಹೆಂಗಸಿನ ಮನೆಯಿತ್ತಂತೆ. ಗಂಡ ತೀರಿಕೊಂಡಿದ್ದ, ಫಕೀರವ್ವ ಎಂಬ ಒಬ್ಬಳೇ ಮಗಳು. ತಾಯಿ ತನ್ನ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ದಾಳಿಂಬೆಯ ಟೊಂಗೆಯನ್ನು ಮನೆಯ ಮುಂದೆ ನೆಟ್ಟಳು. ತಾಯಿ ಮಗಳು ಸೇರಿ ಕುರಿಹಿಕ್ಕೆ ಹಾಕಿದರು, ಬೂದಿ ಹಾಕಿದರು, ಬುಡದಲ್ಲಿ ಏಳುವ ಮರಿಚಿಗುರನ್ನು ದಿನಾ ಚಿವುಟಿದರು. ಚಿವುಟದಿದ್ದರೆ ದಾಳಿಂಬೆ ಪೊದೆಯಾಗುತ್ತದೆಯೇ ಹೊರತು ಗಿಡವಾಗುವುದಿಲ್ಲ. ಗಂಗಿಮಾಳವ್ವನಿಗೆ ಅದು ಎಷ್ಟು ರೂಢಿಯಾಯಿತೆಂದರೆ, ಯಾರ ಮನೆಯ ಮುಂದೆ ನಿಂತು ಮಾತಾಡಿದರೂ ಅವಳ ಕೈ ಕೆಳಗೆ ಬಗ್ಗಿ ಏನನ್ನಾದರೂ ಚಿವುಟುತ್ತಿತ್ತು. ಎರಡು ವರ್ಷ ಹೂ ಬಿಟ್ಟು ಉದುರಿತು. ಅಷ್ಟರಲ್ಲಿ ಫಕೀರವ್ವನ ಮದುವೆಯಾಯಿತು. ಕೊಡಗಟ್ಟಲೆ ನೀರು ಹೊತ್ತ ಹುಡುಗಿ ಒಂದು ಕಾಳನ್ನೂ ತಿನ್ನದೆ ಗಂಡನ ಮನೆಗೆ ಹೋದಳು. ತಾಯಿಯ ಹೊಟ್ಟೆಯೊಳಗೆ ಅದು ಮುಳ್ಳಾಗಿ ಉಳಿಯಿತು.

ನಾಲ್ಕನೆಯ ವರ್ಷ ಏಳು ಕಾಯಿ ನಿಂತವು. ಅವು ಬಲಿಯುವ ಹೊತ್ತಿಗೆ ಮಗಳಿಂದ ಸುದ್ದಿ ಬಂತು: ಏಳು ತಿಂಗಳಾಯಿತು, ಸೀಮಂತದ ಕುಬಸಕ್ಕೆ ತವರಿಗೆ ಬರುತ್ತೇನೆ, ಮಡಿಲು ತುಂಬುವಾಗ ಸೀರೆ ಇರದಿದ್ದರೂ ನಡೆದೀತು, ನಮ್ಮ ಗಿಡದ ಹಣ್ಣು ಬೇಕು. ಗಂಗಿಮಾಳವ್ವ ಹಿಗ್ಗಿಹೋದಳು. ಆದರೆ ಅಳಿಲು, ಗಿಳಿ, ಕೊರೆಯುವ ಹುಳುಗಳಿಗೂ ಸುದ್ದಿ ಮುಟ್ಟಿತ್ತು. ಅವಳು ಪೆಟ್ಟಿಗೆ ತೆಗೆದು ಹಳೆಯ ಕುಪ್ಪಸಗಳ ತೋಳು ಕತ್ತರಿಸಿ, ಒಂದೊಂದು ಕಾಯಿಗೆ ಒಂದೊಂದು ತೊಡಿಸಿ, ಎರಡೂ ತುದಿಗೆ ದಾರ ಕಟ್ಟಿದಳು.

ಇಲ್ಲಿಯವರೆಗೆ ಎಲ್ಲವೂ ನೆಟ್ಟಗಿತ್ತು. ಆದರೆ ಆ ಸೀಮೆಯ ಜನ ಗಿಡಕ್ಕೆ ಬಟ್ಟೆ ಕಟ್ಟಿದ್ದು ಕಂಡರೆ ಕಾರಣ ಕೇಳುವವರಲ್ಲ. ಹರಕೆಯ ಗಿಡವೆಂದು ಕೈಮುಗಿದು, ತಾವೂ ಒಂದು ಚಿಂದಿ ಕಟ್ಟಿ ಮುಂದೆ ಹೋಗುವವರು. ಪಕ್ಕದ ಮನೆಯ ದುಂಡಪ್ಪನ ಎಮ್ಮೆ ಆ ದಿನ ಕಳೆದಿತ್ತು. ಅವನು ತಲೆಯ ರುಮಾಲಿನ ತುದಿ ಹರಿದು ಗಿಡಕ್ಕೆ ಕಟ್ಟಿದ. ಸಂಜೆಗೆ ಎಮ್ಮೆ ಬಂತು. ಹಿಂಡುವ ಹೊತ್ತಾದರೆ ಯಾವ ಎಮ್ಮೆಯೂ ಬರುತ್ತದೆ. ಅದನ್ನು ದುಂಡಪ್ಪನಿಗೆ ಹೇಳುವವರು ಯಾರು? ಮರುದಿನ ಅವನು ಗಂಟೆ ತಂದು ತೂಗುಹಾಕಿ, ತಾನೇ ಪೂಜಾರಿಯಾಗಿ ನಿಂತ.

“ಅಯ್ಯ, ಅಳಿಲು ತಿಂತಾವಂತ ಕಟ್ಟೀನೋ ಯಪ್ಪಾ,” ಎಂದು ಗಂಗಿಮಾಳವ್ವ ಬಾಯಿ ಬಾಯಿ ಬಡಿದುಕೊಂಡಳು.

“ನೋಡ್ರಿ, ದೇವಿ ತನ್ನ ಮಹಿಮೆ ಹೆಂಗ ಮರೆಮಾಡ್ಯಾಳ!” ಎಂದ ದುಂಡಪ್ಪ. ಒಂದು ದಿನ ಹಣ್ಣಾಗಿದೆಯೇ ಎಂದು ನೋಡಲು ಅವಳು ದಾರ ಬಿಚ್ಚಹೋದಾಗ ನೆರೆದವರೆಲ್ಲ ಹೌಹಾರಿದರು. “ದೇವಿ ಕುಪ್ಪಸಕ್ಕ ಕೈ ಹಾಕ್ತಿಯೇನ?”

ಅದನ್ನೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ನೀರು. ವಾರಕ್ಕೆ ಎರಡು ಕೊಡದಂತೆ ಲೆಕ್ಕವಿಟ್ಟು ಬೆಳೆಸಿದ ಗಿಡಕ್ಕೆ ಈಗ ದಿನಕ್ಕೆ ನಲವತ್ತು ತಂಬಿಗೆ ಬೀಳತೊಡಗಿತು. ಬೇರು ಒಮ್ಮೆಲೇ ನೀರು ಕುಡಿದರೆ ದಾಳಿಂಬೆ ಬಿರಿಯುತ್ತದೆ. ತೋಳಿನೊಳಗೇ ಒಂದೊಂದು ಹಣ್ಣು ಬಿರಿದು ಕೊಳೆತು ನೆಲಕ್ಕೆ ಬಿತ್ತು. ಕೆಂಪು ಕಾಳು ಕಂಡು “ದೇವಿ ನಕ್ಕಾಳ!” ಎಂದು ಜನ ಕುಣಿದು ಮತ್ತೆ ನೀರು ಸುರಿದರು. ಆರು ಹೋದವು. ಸೋಮವಾರ ಕುಬಸ, ಭಾನುವಾರವೇ ಫಕೀರವ್ವ ಬಂದಿಳಿದಳು. ಉಳಿದದ್ದು ಒಂದೇ ಹಣ್ಣು.

ಸೋಮವಾರ ಬೆಳಿಗ್ಗೆ ಗಿಡದ ಮುಂದೆ ತಂಬಿಗೆಗಳ ಸಾಲು. ದುಂಡಪ್ಪ ಮೊದಲನೆಯದನ್ನು ಎತ್ತಿದ. ಆಗ ಗಂಗಿಮಾಳವ್ವನಿಗೆ ಏನು ಬಂತೋ, ಸಿಟ್ಟೋ ದೇವಿಯೋ, ಕೊನೆಯವರೆಗೂ ಅವಳಿಗೇ ತಿಳಿಯಲಿಲ್ಲವಂತೆ. ತುರುಬು ಬಿಚ್ಚಿ, ಕಣ್ಣು ಅಗಲಿಸಿ ಹಾರಿ ಬಂದಳು.

“ಏ ದುಂಡ್ಯಾ! ಸಾಕ ಮಾಡೋ ನೀರಾ! ಥಂಡಿ ಹತ್ತೇತಿ ನನಗ!”

ತಂಬಿಗೆ ಕಲ್ಲಿನ ಮೇಲೆ ಬಿದ್ದು ನೆಗ್ಗಿತು. ದುಂಡಪ್ಪ ಉದ್ದಂಡ ಬಿದ್ದ. “ತಪ್ಪಾತು ತಾಯಿ! ಏನ ಬೇಕು ಕೇಳು!”

“ಇನ್ನ ಒಂದ ಹನಿ ಹಾಕಬ್ಯಾಡ. ನನ್ನ ಹಣ್ಣು ಬಸರಿ ಹೆಣ್ಮಕ್ಕಳಿಗೆ. ಬ್ಯಾರೆ ಯಾರೂ ಬಾಯಾಗ ಹಾಕೂ ಹಂಗಿಲ್ಲ!”

ದುಂಡಪ್ಪ ಬಿದ್ದಲ್ಲಿಂದಲೇ ತಲೆಯೆತ್ತಿದ. ಪೂಜಾರಿಗೆ ಕಟ್ಟಳೆ ಖಚಿತವಾಗಬೇಕಲ್ಲ. “ಯಾರೂ ಅಂದ್ರ, ಈ ಗಂಗಿಮಾಳವ್ವನೂ ತಿನ್ನಂಗಿಲ್ಲೇನ ತಾಯಿ?”

ದೇವಿ ಸೊಂಟಕ್ಕೆ ಕೈಯಿಟ್ಟಳು. ನಾಲ್ಕು ವರ್ಷ ಗಿಡಕ್ಕೆ ಬಗ್ಗಿ ಬಗ್ಗಿ ಅವಳ ಸೊಂಟ ಹಿಡಿದಿತ್ತು. ಊರೆಲ್ಲ ನೋಡುತ್ತಿತ್ತು. “ಆಕಿನೂ ತಿನ್ನಂಗಿಲ್ಲ,” ಎಂದಳು.

ಫಕೀರವ್ವ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ದೇವಿ ಗಿಡದ ಸುತ್ತ ಕುಣಿಯುತ್ತ ಕುಣಿಯುತ್ತ ಬಗ್ಗಿ, ಬುಡದ ಒಂದು ಮರಿಚಿಗುರನ್ನು ಚಿವುಟಿ ಎಸೆದು, ಮತ್ತೆ ಕುಣಿಯುವುದನ್ನು ಕಂಡಳು. ಮುಂದೆ ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಕಟ್ಟಳೆಯಂತೆ ದುಂಡಪ್ಪನೇ ತೋಳು ಬಿಚ್ಚಿ, ಹಣ್ಣು ಕಿತ್ತು, ಬಸುರಿಯ ಮಡಿಲಿಗೆ ಹಾಕಿದ. ಅವಳು ಒಡೆದಳು. ಗಂಗಿಮಾಳವ್ವ ಅಷ್ಟರಲ್ಲಿ ತುರುಬು ಕಟ್ಟಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಕಾಳು ಕಂಡು ಉಗುಳು ನುಂಗಿದಳು. ಮಗಳು ಅದನ್ನೂ ಕಂಡಳು. ಹಣ್ಣನ್ನು ಜೋಪಾನವಾಗಿ ಮಡಿಲಲ್ಲಿಟ್ಟು, ಜಡೆ ಬಿಚ್ಚಿ, ಹೊಟ್ಟೆಗೆ ಪೆಟ್ಟಾಗದಂತೆ ಕೂತಲ್ಲೇ ತಲೆ ತೂಗಿದಳು.

“ಏ ದುಂಡ್ಯಾ!”

ಆಗಷ್ಟೇ ಎತ್ತಿಕೊಂಡಿದ್ದ ತಂಬಿಗೆ ಇನ್ನೊಮ್ಮೆ ಬಿತ್ತು.

“ಒಂದ ಮಾತು ಮರತಿದ್ದೆ. ಮೊದಲನೇ ಹಿಡಿ ಕಾಳು ಹಡದಾಕಿ ಬಾಯಿಗೆ!”

“ಆಗಲಿ ತಾಯಿ, ಆಗಲಿ,” ಎಂದ ದುಂಡಪ್ಪ, ಇನ್ನಷ್ಟು ಏನಾದರೂ ಮರೆತಿದ್ದಾಳೋ ಎಂದು ಹೆದರಿ.

ಫಕೀರವ್ವ ಹಿಡಿ ತುಂಬ ಕಾಳು ತಾಯಿಯ ಬಾಯಿಗೆ ಹಾಕಿದಳು. ಗಂಗಿಮಾಳವ್ವ ಅಗಿದಳು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ನುಂಗಿದ ಮೇಲೆ ಮಗಳ ಮುಖ ನೋಡಿ, “ಸಪ್ಪಗೇತಿ ನೋಡವ್ವಾ. ನೀರ ಹೆಚ್ಚಾತು,” ಎಂದಳು.

ಅಂದಿನ ಗಿಡ ಎಂದೋ ಹೋಯಿತು. ಈಗಿರುವುದು ಅದರದೇ ಟೊಂಗೆಯ ಟೊಂಗೆಯ ಟೊಂಗೆ ಎನ್ನುತ್ತಾರೆ. ಈಗಲೂ ಸೋಮವಾರ ಬಸುರಿಯರು ತಾಯಂದಿರ ಜೊತೆ ಬಂದು, ಹಳೆಯ ಕುಪ್ಪಸದ ತೋಳೊಂದನ್ನು ಕಟ್ಟೆಯ ಮೇಲಿಟ್ಟು, ಹಣ್ಣು ಪಡೆಯುತ್ತಾರೆ. ಮಗಳು ಮೊದಲ ಹಿಡಿಯನ್ನು ತಾಯಿಯ ಬಾಯಿಗೆ ಹಾಕುತ್ತಾಳೆ. ಪೂಜಾರಿಯೊಬ್ಬನೇ ನೀರು ಲೆಕ್ಕದಲ್ಲಿ ಹಾಕುವುದರಿಂದ ಹಣ್ಣು ಕಲ್ಲುಸಕ್ಕರೆಯಷ್ಟು ಸಿಹಿ. ಆದರೂ ತಾಯಿಯಾದವಳು ಅಗಿದು, ಕಣ್ಣೊರೆಸಿಕೊಂಡು, “ಸಪ್ಪಗೇತಿ ನೋಡವ್ವಾ,” ಎನ್ನಲೇಬೇಕು. ಅಷ್ಟು ಹೇಳುವವರೆಗೆ ಪೂಜಾರಿ ಗಂಟೆ ಬಾರಿಸುವುದಿಲ್ಲ.